ಉಡಿ ತುಂಬಿ ಕಳಿಸಿದ ಹೆಣ್ಣುಮಕ್ಕಳು

ಪೊಲೀಸ್ ಇಲಾಖೆಯಲ್ಲಿ ನನಗೆ ಎರಡು ಹೆಸರಿದ್ದವು. ಒಂದು ತಂದೆತಾಯಿ ಇಟ್ಟದ್ದು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಇನ್ನೊಂದನ್ನು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜನ ಇಟ್ಟರು: ರಾಜಿ ಹವಾಲ್ದಾರ. ಗಂಡ ಹೆಂಡತಿಯ ಜಗಳ ಠಾಣೆಯ ಮೆಟ್ಟಿಲು ಹತ್ತಿದರೆ ಸಾಹೇಬರು ತಲೆ ಎತ್ತದೆ "ರಾಜಿ ಹವಾಲ್ದಾರ್ನ ಕರೀರಿ" ಅನ್ನುತ್ತಿದ್ದರು. ನಾನು ಮೀಸೆ ತಿರುವಿಕೊಂಡು ಹೋಗುತ್ತಿದ್ದೆ. ಆ ಹೆಸರನ್ನು ಹೆಮ್ಮೆಯಿಂದ ಹೊತ್ತುಕೊಂಡೇ ನಿವೃತ್ತನಾದೆ.

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಕಾನ್‌ಸ್ಟೇಬಲ್ ಆಗಿ ಆಯ್ಕೆಯಾಗಿ ಪೇಢೆ ತಂದಳು. "ಕಾಕಾ, ನೌಕರಿ ಹೆಂಗಿರ್ತದ ಜರಾ ಹೇಳ್ರಿ" ಅಂದಳು. ಬಂದೋಬಸ್ತಿನಲ್ಲಿ ಕಾಲು ಹೇಗೆ ಊದಿಕೊಳ್ಳುತ್ತದೆ, ರಜೆ ಕೇಳುವಾಗ ಸಾಹೇಬರ ಮುಖ ಹೇಗೆ ನೋಡಬೇಕು, ಬೂಟಿಗೆ ಯಾವ ಪಾಲಿಶ್ ಒಳ್ಳೆಯದು, ಇಷ್ಟು ಹೇಳಿ ಕಳಿಸಿದೆ. ಹೇಳಬೇಕಾದ್ದು ಬೇರೆ ಇತ್ತು. ಆಕೆಯ ನಗುಮುಖ ನೋಡಿ ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಹೈಸ್ಕೂಲು. ಪಂಚನಾಮೆ ಬರೆದು ಪಳಗಿದ ಕೈ, ಆದ್ದರಿಂದ ಚೆಂದ ಇಲ್ಲದಿದ್ದರೂ ನೆಟ್ಟಗೆ ಬರೆಯಬಲ್ಲೆ. ಹೆಸರುಗಳನ್ನು ಬದಲಿಸಿದ್ದೇನೆ. ಯಾವ ಠಾಣೆ ಎಂದು ಹೇಳುವುದಿಲ್ಲ, ತಪ್ಪು ಮಾಡಿದ್ದು ಠಾಣೆಯ ಗೋಡೆಗಳಲ್ಲ.

ನನಗೆ ಕೆಲಸ ಕಲಿಸಿದವರು ಚನ್ನಬಸಪ್ಪ ಜಮಾದಾರರು. ನಾನು ಹೊಸದಾಗಿ ಸೇರಿದಾಗ ಅಫಜಲಪುರದ ಕಡೆ ಅವರ ಕೈಕೆಳಗೆ ಹಾಕಿದ್ದರು. ಒಳ್ಳೆಯ ಮನುಷ್ಯ. ಲಂಚ ಮುಟ್ಟುತ್ತಿರಲಿಲ್ಲ, ಕಳ್ಳನಿಗೂ ಮೊದಲು ನೀರು ಕೊಟ್ಟು ಆಮೇಲೆ ಕಪಾಳಕ್ಕೆ ಕೊಡುತ್ತಿದ್ದರು. ಹೆಂಗಸರು ಗಂಡನ ಮೇಲೆ ದೂರು ತಂದರೆ ಅವರದು ಒಂದೇ ಪ್ರಶ್ನೆ: "ಗುರುತ ಎಲ್ಲದ, ತೋರಸು." ತೋಳಿನ ಮೇಲೆ, ಬೆನ್ನ ಮೇಲೆ ಬಾಸುಂಡೆ ಇದ್ದರೆ ಗಂಡನನ್ನು ಎಳೆತರಿಸುತ್ತಿದ್ದರು. ಗುರುತು ಇಲ್ಲವಾದರೆ ಮನೆಗೆ ಕಳಿಸುತ್ತಿದ್ದರು.

ಒಮ್ಮೆ ನಾನು ಕೇಳಿದೆ. "ಗುರುತ ಇಲ್ಲಂದ್ರ ಸುಳ್ಳ ಹೇಳ್ತಾರೇನ್ರಿ?"

"ಸುಳ್ಳ ಅಂತಲ್ಲೋ ತಮ್ಮಾ. ಕೇಸ್ ಹಾಕಿದ್ರ ಕೋರ್ಟು. ಕೋರ್ಟಂದ್ರ ಬಸ್ಸು, ವಕೀಲ, ತಾರೀಖು. ಕಡೀಕ್ ಆಕಿ ತವರಮನ್ಯಾಗ ಅಣ್ಣನ ಹೆಂಡ್ತಿ ಮುಂದ ರೊಟ್ಟಿ ಬಡೀತಾ ಕುಂಡ್ರತಾಳ. ಕೂಡ್ಸಿ ಕಳಿಸು. ಪುಣ್ಯ ಬರ್ತದ."

ಅವರ ಮಾತಿನಲ್ಲಿ ಕರುಣೆ ಇತ್ತು. ಕರುಣೆಯಿಂದ ಹೇಳಿದ್ದೆಲ್ಲ ಸರಿ ಅಂತ ನಾನು ತಿಳಿದೆ. ಗುರುತು ಕೇಳುವುದನ್ನೂ ಪುಣ್ಯ ಗಳಿಸುವುದನ್ನೂ ಅವರಿಂದ ಕಲಿತು, ನನ್ನದೊಂದು ಪದ್ಧತಿಯನ್ನು ಸೇರಿಸಿದೆ.

ಅದು ಉಡಿ ತುಂಬುವುದು. ನಮ್ಮ ಕಡೆ ಮಗಳು ಗಂಡನ ಮನೆಗೆ ಹೊರಟಾಗ ತಾಯಿ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಬಸದ ಖಣ ಹಾಕಿ ಕಳಿಸುತ್ತಾಳೆ. ಠಾಣೆಯಿಂದ ಗಂಡನ ಮನೆಗೆ ಹೋಗುವವಳಿಗೆ ಠಾಣೆಯೇ ತವರು ಅಂತ ನಾನು ವಿಚಾರ ಮಾಡಿದೆ. ಬೇಡಿ ಇಡುವ ಕಬ್ಬಿಣದ ಕಪಾಟಿನಲ್ಲಿ ಖಣ, ಕೊಬ್ಬರಿ ತಂದಿಟ್ಟೆ. ಉಡಿ ತುಂಬುವ ಕೆಲಸ ಮಹಿಳಾ ಪೇದೆ ಶಾಹಿನ್‌ಗೆ ಹಚ್ಚಿದೆ. ಆಕೆ ಮೊದಲು ಅಳುಕಿದಳು. "ಸಾಬ್, ನನ್ನ ಕೈಲಿ ತುಂಬಿಸ್ಕೋತಾರಾ?" ಅಂದಳು. ಒಬ್ಬಳೂ ಬೇಡ ಅನ್ನಲಿಲ್ಲ. ಕಣ್ಣೊರೆಸಿಕೊಂಡು ಸೆರಗು ಒಡ್ಡುತ್ತಿದ್ದರು. ಗಂಡ ಎಲ್ಲರಿಗೂ ಚಹಾ ಹೇಳುತ್ತಿದ್ದ. ಸಾಹೇಬರು ಖುಷಿ, ನಾನು ಖುಷಿ.

ಉಡಿ ತುಂಬಿಸಿಕೊಂಡು ಹೋದವಳು ಮರಳಿ ಬರುತ್ತಿರಲಿಲ್ಲ. ಬಂದರೆ, ತವರು ತುಂಬಿ ಕಳಿಸಿದ ಉಡಿಯನ್ನು ಒದರಿ ಬಂದವಳು ಅಂತ ಊರೇ ಆಡಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅದರ ಬಗ್ಗೆ ವಿಚಾರ ಮಾಡಲಿಲ್ಲ. ಮರಳಿ ಬಂದಿಲ್ಲ ಅಂದರೆ ಸುಖವಾಗಿದ್ದಾಳೆ ಅಂತ ಲೆಕ್ಕ ಹಿಡಿದೆ.

ಕೆಲವರು ಖರೇನೇ ಸುಖವಾಗಿದ್ದರು. ನೆಲೋಗಿ ಕಡೆಯ ಮಾಳಪ್ಪ, ನಾಗಮ್ಮ ಎಂಬ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಪರಸ್ಪರರ ಮೇಲೆ ದೂರು ಕೊಡಲು ಬಂದಿದ್ದರು.

"ಸಾಹೇಬ್ರ, ನನ್ನ ಹುಂಜಾ ಕೊಯ್ದು ತನ್ನ ತಮ್ಮಗ ತಿನ್ನಿಸ್ಯಾಳ್ರಿ ಇಕಿ!"

"ಹೌದು, ತಿನ್ನಿಸೀನಿ. ಅವರಣ್ಣ ಬಂದ್ರ ಕೋಳಿ ಕೊಯ್ಯಿ ಅಂತಾನ್ರಿ, ನನ್ನ ತಮ್ಮ ಬಂದ್ರ ಬ್ಯಾಳಿ ನೀಡು ಅಂತಾನ. ನೀವ ನ್ಯಾಯ ಹೇಳ್ರಿ."

"ಅದಕ್ಕ ಹೆಸರ ಇಟ್ಟಿದ್ನೆಬೇ ನಾ! ರಾಜಾ ಅಂತ!"

"ಹುಂಜಕ್ಕ ರಾಜಾ. ನನಗ ಒಂದಿನ ನಾಗಮ್ಮಾ ಅಂತ ಕರದೀಯೇನು? ಹೊತ್ತ ಹೊಂಟ್ರ ಬೇ, ಹೊತ್ತ ಮುಳುಗಿದ್ರ ಬೇ."

ಠಾಣೆಯೆಲ್ಲ ನಕ್ಕಿತು. ಕಡೆಗೆ ಅವರೂ ನಕ್ಕರು. ಆಕೆ ಕಟ್ಟಿಕೊಂಡು ಬಂದ ಬುತ್ತಿಯನ್ನು ಠಾಣೆಯ ಬೇವಿನ ಗಿಡದ ಕೆಳಗೆ ಇಬ್ಬರೂ ಉಂಡು ಹೋದರು. ಇಂಥ ರಾಜಿಗಳಿಂದ ನನ್ನ ಹೆಸರು ಬೆಳೆಯಿತು. ಅವರಿಬ್ಬರಿಗೂ ನಾಲಿಗೆ ಇತ್ತು. ಇಬ್ಬರೂ ಕೂಗಿದರು, ಇಬ್ಬರೂ ಅಂದರು, ಇಬ್ಬರೂ ಅನ್ನಿಸಿಕೊಂಡರು. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ: ಗಂಡ ಹೆಂಡತಿ ಇಬ್ಬರೂ ಕೂಗಿದರೆ ಹೆದರಬೇಡಿ. ಒಬ್ಬರು ಮೆತ್ತಗೆ ಮಾತಾಡುತ್ತಿದ್ದು, ಇನ್ನೊಬ್ಬರು ಬಾಯಿ ತೆಗೆಯುವ ಮೊದಲು ಅವರ ಮುಖ ನೋಡುತ್ತಿದ್ದರೆ, ಆಗ ಹೆದರಿ.

ನಾನು ಹೆದರಬೇಕಾಗಿದ್ದ ಹೆಂಗಸಿನ ಹೆಸರು ಜಗದೇವಿ ಅಂತ ಇಟ್ಟುಕೊಳ್ಳೋಣ. ಆಳಂದದ ಆಚೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಹಳ್ಳಿಯವಳು. ಕೊಟ್ಟದ್ದು ಜೇವರ್ಗಿ ಕಡೆಗೆ. ಗಂಡ ಸಂಗಣ್ಣ ಬೀಜ ಗೊಬ್ಬರದ ವ್ಯಾಪಾರಿ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಆತ ದನಿ ಎತ್ತರಿಸಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಶರಣರ ಕಾರ್ಯಕ್ರಮ ಇದ್ದರೆ ಮುಂದೆ ನಿಂತು ಪ್ರಸಾದ ಬಡಿಸುವವನೂ ಆತನೇ.

ಜಗದೇವಿ ಒಬ್ಬಳೇ ಬಂದಳು. "ಏನವ್ವಾ ತಕರಾರು?" ಅಂತ ಕೇಳಿದೆ.

"ತಕರಾರ ಇಲ್ರಿ."

"ಮತ್ತ?"

"ನನ್ನ ನೋಡಿ ಹೇಳ್ರಿ ಸಾಹೇಬ್ರ. ನನಗ ಹುಚ್ಚ ಹಿಡದದೇನು?"

ಪಕ್ಕದ ಪೇದೆ ಕಿಸಕ್ಕನೆ ನಕ್ಕ. ನಾನೂ ನಕ್ಕೆ. "ಇದು ಠಾಣೆ ಯವ್ವಾ. ದವಾಖಾನಿ ಅಲ್ಲ."

"ದವಾಖಾನಿಗಿ ಅವರೇ ಕರಕೊಂಡ ಹೋಗ್ತಾರ್ರಿ, ಅವರೇ ಮಾತಾಡ್ತಾರ. ಡಾಕ್ಟರು ಅವರನ್ನೇ ಕೇಳ್ತಾರ. ನೀವು ನನ್ನ ಕೇಳ್ರಿ. ಏನ ಬೇಕಾದ್ದ ಕೇಳ್ರಿ. ಸರಿ ಇದ್ದೀ ಅಂತ ಒಂದ ಮಾತ ಹೇಳಿದ್ರ ಸಾಕು, ಹೋಗ್ತೇನಿ."

ಆಕೆ ಬೇಡಿದ್ದು ಅಷ್ಟೇ. ಗಂಡನನ್ನು ಒಳಗೆ ಹಾಕಿ ಅನ್ನಲಿಲ್ಲ. ತಾನು ಸರಿ ಇದ್ದೇನೆ ಅಂತ ಒಬ್ಬರ ಬಾಯಿಂದ ಕೇಳಬೇಕಾಗಿತ್ತು.

ನಾನು ಕೇಳಿದ್ದೇನು? ಹೊಡೀತಾನೇನು, ಕುಡೀತಾನೇನು, ಬ್ಯಾರೆ ಹೆಂಗಸ ಇದ್ದಾಳೇನು. ಮೂರಕ್ಕೂ ಇಲ್ರಿ ಅಂದಳು. "ಮತ್ತೇನ ಬ್ಯಾನಿ ನಿನಗ?" ಅಂದೆ. ಆಗ ತಡವರಿಸುತ್ತ ಹೇಳಿದಳು.

"ಗ್ಯಾಸ ಆರಿಸೀನಿ. ನೋಡಿ ಆರಿಸೀನ್ರಿ. ಹಿತ್ತಲಕ್ಕ ಹೋಗಿ ಬರೂದ್ರಾಗ ಉರೀತಿರ್ತದ. ಅವರು ಒಲಿ ಮುಂದ ನಿಂತಿರ್ತಾರ. ಒಂದಿನ ಮನಿ ಸುಡ್ತೀ ಜಗದೇವಿ ಅಂತಾರ. ಸಿಟ್ಟಿಲ್ರಿ, ಮೆತ್ತಗ ಅಂತಾರ. ಕೀಲಿ ಗ್ವಾಡಿ ಮೊಳಿಗಿ ಹಾಕಿರ್ತೇನಿ, ಅಕ್ಕಿ ಡಬ್ಬ್ಯಾಗ ಸಿಗ್ತದ. ಪಲ್ಯಾದಾಗ ಉಪ್ಪ ಹಾಕೀನಿ, ಉಣ್ಣೂ ಮುಂದ ಎರಡ ಪಾಲ ಆಗಿರ್ತದ. ಬೀಗರು ಬಂದಾಗ ನನ್ನ ಮಾತ ಆಡಿಸಿ ತೋರಸ್ತಾರ. ನಮ್ಮ ಕಡೆ ಮಾತಿನ್ಯಾಗ ಮರಾಠಿ ಬರ್ತದಲ್ರಿ. ಎಲ್ಲಾರೂ ನಗ್ತಾರ. ನಾ ಅತ್ತರ, ನೋಡ್ರಿ ಮತ್ತ ಸುರು ಆತು ಅಂತಾರ. ಆಮ್ಯಾಗ ಮಾತ ಬಿಡ್ತಾರ. ಹಬ್ಬ ಬಂದ ಹೋದ್ರೂ ಮಾತಿಲ್ಲ. ನಾ ಮನ್ಯಾಗ ಇದ್ದೇನೋ ಇಲ್ಲೋ ಅಂತ ನನಗ ಗೊತ್ತಾಗಂಗಿಲ್ರಿ."

"ಹೊಡದಿಲ್ಲಲ್ಲ?" ಅಂತ ಮತ್ತೆ ಕೇಳಿದೆ.

"ಹೊಡದಿದ್ರ ಚಲೋ ಇತ್ರಿ. ಹೊಡದಾರ ಅಂತ ಖಾತ್ರಿಯಾದ್ರೂ ಇರ್ತಿತ್ತು."

ಆ ಮಾತು ಈಗ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ಆಗ ಅದು ಕಿವಿಯ ಮೇಲಿಂದ ಹೋಯಿತು. ಗಂಡನಿಗೆ ಹೇಳಿ ಕಳಿಸಿದೆ. ಸಂಗಣ್ಣ ಕೈ ಮುಗಿಯುತ್ತ ಬಂದ, ಎಲ್ಲರಿಗೂ ಚಹಾ ತರಿಸಿದ, ಹೆಂಡತಿಗೆ ತಾನೇ ನೀರು ಹಿಡಿದ. "ಆಕಿಂದೇನ ತಪ್ಪಿಲ್ರಿ ಹವಾಲ್ದಾರ್ರ. ಆಕಿಗಿ ನೆನಪ ನಿಲ್ಲಂಗಿಲ್ಲ. ನಾ ಸಂಭಾಳಿಸ್ತೇನಿ. ಮನಿ ಮಾತು ಹೊರಗ ಬಂತಲ್ಲ, ಅಷ್ಟ ತ್ರಾಸು" ಅಂದ. ದನಿಯಲ್ಲಿ ಎಷ್ಟು ನಯ! ನನಗೇ ಕಣ್ಣು ತುಂಬಿ ಬಂತು.

ಆಕೆಯನ್ನು ಕೇಳಿದೆ. "ಏನವ್ವಾ, ಗ್ಯಾಸು, ಕೀಲಿ, ಅದೆಲ್ಲಾ ಅವರ ಮುಂದ ಹೇಳು."

ಆಕೆ ಗಂಡನ ಮುಖ ನೋಡಿದಳು. ಆತ ಏನೂ ಮಾಡಲಿಲ್ಲ. ಸುಮ್ಮನೆ, ಪಾಪ ಎನ್ನುವಂತೆ ನೋಡಿದ. "ನಾ ಸರಿಯಾಗಿ ನೋಡಿರಲಿಕ್ಕಿಲ್ರಿ" ಅಂದಳು.

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಎಮ್ಮೆ ಕಳವಿನ ಕೇಸಿನಲ್ಲಿ, ಆರೋಪಿ ಕೋಣೆಗೆ ಬಂದ ಕೂಡಲೇ ಸಾಕ್ಷಿ ಮಾತು ತಿರುಗಿಸಿದರೆ ನನಗೆ ತಕ್ಷಣ ತಿಳಿಯುತ್ತಿತ್ತು. ಆರೋಪಿಯನ್ನು ಹೊರಗೆ ನಿಲ್ಲಿಸಿ ಸಾಕ್ಷಿಗೆ ಧೈರ್ಯ ಹೇಳುತ್ತಿದ್ದೆ. ಅಷ್ಟು ಕೆಲಸ ನನಗೆ ಬರುತ್ತಿತ್ತು. ಆದರೆ ಸಂಗಣ್ಣ ನನ್ನ ಕಣ್ಣಿಗೆ ಆರೋಪಿಯೇ ಆಗಿರಲಿಲ್ಲ. ಕಳೆದುಹೋದ ವಸ್ತುವನ್ನು ಒಯ್ಯಲು ಬಂದ ಮಾಲೀಕನಾಗಿದ್ದ.

ಶಾಹಿನ್‌ಳನ್ನು ಕರೆದು ಉಡಿ ತುಂಬಿಸಿದೆ. ಅಕ್ಕಿ ಹಾಕುವಾಗ ಆಕೆ ಜಗದೇವಿಯ ಕೈ ಮುಟ್ಟಿದ್ದಳು. ನನ್ನನ್ನು ಬದಿಗೆ ಕರೆದು, "ಸಾಬ್, ಇಕಿ ಕೈ ಥಂಡಾ ಅದ. ಈ ಬಿಸಲಾಗ. ಇವತ್ತ ಕಳಸಬ್ಯಾಡ್ರಿ" ಅಂದಳು.

"ಉಡಿ ತುಂಬಿ ಆತಲ್ಲ. ಇನ್ನ ಹೆಂಗ ಹಿಡಕೊಂಡ ಕುಂಡ್ರೂದು?" ಅಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದೇ ತಪ್ಪಾಗುತ್ತಿತ್ತು. ಬಾಗಿಲ ತನಕ ಹೋಗಿ ಸಂಗಣ್ಣನ ಹೆಗಲ ಮೇಲೆ ಕೈ ಇಟ್ಟು ಸಲಹೆಯನ್ನೂ ಕೊಟ್ಟೆ. "ಗಾಳಿ ಗೀಳಿ ಸೋಕಿರ್ತದ. ಗಾಣಗಾಪುರಕ್ಕ ಕರಕೊಂಡ ಹೋಗ್ರಿ. ನಾಕ ದಿನ ಸೇವಾ ಮಾಡಸ್ರಿ, ಹಗುರಾಗ್ತಾಳ." ಆತನಿಗೆ ಅದು ಹೊಳೆದಿರಲಿಲ್ಲ ಅಂತ ಕಾಣುತ್ತದೆ. ನನ್ನ ಮುಖ ನೋಡಿ, ನಿಧಾನಕ್ಕೆ ತಲೆಯಾಡಿಸಿದ.

ಮುಂದಿನ ಹುಣ್ಣಿಮೆಗೆ ನನ್ನನ್ನು ಗಾಣಗಾಪುರದ ಗುಡಿಯ ಬಂದೋಬಸ್ತಿಗೆ ಹಾಕಿದ್ದರು. ಮಧ್ಯಾಹ್ನದ ಆರತಿಯ ಹೊತ್ತು. ಭೀಮೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದವರು, ಮಹಾರಾಷ್ಟ್ರದಿಂದ ದಿಂಡಿ ಕಟ್ಟಿ ನಡೆದು ಬಂದ ಯಾತ್ರಿಕರು, ಕಾಲಿಡಲು ಜಾಗವಿಲ್ಲ. ಗಾಳಿ ಸೋಕಿದೆ ಅಂತ ಕರೆತಂದವರು ಒಂದು ಕಡೆ ಕೂಗುತ್ತಿದ್ದರು, ಕಂಬ ಹಿಡಿದು ತೂಗುತ್ತಿದ್ದರು. ಅವರ ನಡುವೆ ಜಗದೇವಿ ಕೂತಿದ್ದಳು. ಕೂಗುತ್ತಿರಲಿಲ್ಲ. ಕೂಗುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ತಾನೂ ಹಾಗೆ ಮಾಡಬೇಕೋ ಏನೋ ಎಂದು ಕಲಿಯುವವರ ಹಾಗೆ. ಸಂಗಣ್ಣ ಸ್ವಲ್ಪ ದೂರದಲ್ಲಿ ಪುಣೆಯ ಕಡೆಯ ಹೆಂಗಸೊಬ್ಬಳಿಗೆ ತನ್ನ ಕಷ್ಟ ಹೇಳುತ್ತಿದ್ದ. ಆಕೆ ಅಯ್ಯೋ ಎನ್ನುತ್ತಿದ್ದಳು.

ದೇವರ ಮೇಲಾಗಲಿ ಗುಡಿಯ ಮೇಲಾಗಲಿ ನಾನು ತಪ್ಪು ಹಾಕುವುದಿಲ್ಲ. ಅಲ್ಲಿಗೆ ಬಂದು ನೆಮ್ಮದಿಯಿಂದ ಹೋದವರನ್ನೂ ನೋಡಿದ್ದೇನೆ. ಆಕೆಯನ್ನು ಅಲ್ಲಿ ಕೂಡಿಸಿದ್ದು ನಾನು.

ನನ್ನ ಸಮವಸ್ತ್ರ ಕಂಡು ಆಕೆ ಎದ್ದು ಬಂದಳು. "ಸಾಹೇಬ್ರ, ನೀವ ಹೇಳಿದ್ರಂತ? ಇಲ್ಲಿಗಿ ಕರಕೊಂಡ ಹೋಗ್ರಿ ಅಂತ?"

"ಹೌದವ್ವಾ. ನಿನ್ನ ಚಲೋದಕ್ಕ."

ಆಕೆ ನನ್ನನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! "ಪೊಲೀಸ್ರೇ ಅಂದ್ರ ಖರೇ ಇರಬೇಕು" ಅಂದಳು. ಹೋಗಿ ಮತ್ತೆ ಅವರ ನಡುವೆ ಕೂತಳು.

ಆಮೇಲೆ ನನಗೆ ವರ್ಗವಾಯಿತು. ಕಾಲವೂ ಬದಲಾಯಿತು. ಮನೆಯೊಳಗಿನ ಹಿಂಸೆಗೆ ಬೇರೆ ಕಾಯ್ದೆ ಬಂದಿತ್ತು. ಕಲಬುರಗಿಯಲ್ಲಿ ನಮಗೆ ತರಬೇತಿ ಕೊಟ್ಟರು. ಹೀಗಳೆಯುವುದು, ಹೆದರಿಸುವುದು, ನಾಲ್ಕು ಜನರ ಮುಂದೆ ಅವಮಾನ ಮಾಡುವುದು, ಮನಸ್ಸಿಗೆ ಕೊಡುವ ಕಾಟ ಕೂಡ ಹಿಂಸೆಯೇ, ಮೈಮೇಲೆ ಗುರುತು ಬೇಕಿಲ್ಲ ಎಂದು ಮೇಡಂ ಒಬ್ಬರು ಓದಿ ಹೇಳಿದರು. ಇಂಥ ಮನೆಯಲ್ಲಿ ಬಹಳ ದಿನ ಇದ್ದವರು ತಮ್ಮ ಕಣ್ಣು, ಕಿವಿಯನ್ನೇ ನಂಬದಂತಾಗುತ್ತಾರೆ ಅಂದರು. ಊಟದ ಮೇಲಿನ ಹೊತ್ತು, ನಮ್ಮವರು ತೂಕಡಿಸುತ್ತಿದ್ದರು. ನನ್ನ ನಿದ್ದೆ ಹಾರಿತು. ಮೇಡಂ ಓದುತ್ತಿದ್ದುದು ಕಾಯ್ದೆಯ ಪುಸ್ತಕ, ನನಗೆ ಕೇಳಿಸುತ್ತಿದ್ದುದು ಜಗದೇವಿಯ ಮಾತು.

ಅವತ್ತೇ ಹೋಗಬಹುದಾಗಿತ್ತು. ಜೇವರ್ಗಿ ಬಸ್ಸಿಗೆ ಎಷ್ಟು ದೂರ? ಹೋಗಲಿಲ್ಲ. ಹೋದರೆ ರಾಜಿ ಹವಾಲ್ದಾರನ ಹೆಸರು ಏನಾಗಬೇಕು? ಮರಳಿ ಬಂದಿಲ್ಲವಲ್ಲ, ಸುಧಾರಿಸಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.

ಕೊನೆಯ ವರ್ಷಗಳಲ್ಲಿ ಆಳಂದದ ಕಡೆ ಶಾಹಿನ್ ಜೊತೆ ಮತ್ತೆ ಕೆಲಸ ಬಿತ್ತು. ಆಕೆ ಈಗ ಹವಾಲ್ದಾರ್ ಆಗಿದ್ದಳು. ಡಿಗ್ರಿ ಓದುವ ಹುಡುಗಿಯೊಬ್ಬಳನ್ನು ತಾಯಿ ಕರೆತಂದಿದ್ದಳು. ಪ್ರೀತಿ ಮಾಡುತ್ತೇನೆ ಅಂದ ಹುಡುಗ ದಿನಕ್ಕೆ ಹತ್ತಾರು ಸಲ ವಿಡಿಯೊ ಕಾಲ್ ಮಾಡಿ ಎಲ್ಲಿದ್ದೀ, ಯಾರ ಪಕ್ಕ ಕೂತೀ ತೋರಿಸು ಅನ್ನುತ್ತಿದ್ದ. ಎತ್ತದಿದ್ದರೆ ವಿಷ ಕುಡಿಯುತ್ತೇನೆ ಅನ್ನುತ್ತಿದ್ದ. ನಾನಾಗಿದ್ದರೆ ಇಬ್ಬರ ತಂದೆತಾಯಿಯನ್ನೂ ಕರೆಸಿ ಬೈದು ಕಳಿಸುತ್ತಿದ್ದೆ. ಶಾಹಿನ್ ಎಲ್ಲರನ್ನೂ, ತಾಯಿಯನ್ನೂ, ಹೊರಗೆ ಕಳಿಸಿದಳು.

"ಅಂವ ಏನ್ ಮಾಡಿದ ಅನ್ನೂದು ಆಮ್ಯಾಗ ಹೇಳು ಬೇಟಿ. ಫೋನ್ ಬಡಕೊಂಡಾಗ ನಿನಗ ಏನಾಕ್ತದ?"

"ಕೈಯಾಗಿಂದ ಬಿಟ್ಟ ಯಾರೂ ಇಲ್ಲದ ಕಡೆ ಓಡತೇನಿ ಮೇಡಂ. ಗೆಳತ್ಯಾರ್ನ ಬಿಟ್ಟೀನಿ. ಮೊದಲ ನಾ ಭಾಳ ನಗತಿದ್ದೆ, ಮಾಲೂಮಾ? ಈಗ ನಗಾಕೂ ಅಂಜಿಕಿ, ಯಾಕ ನಗತೀ ಅಂತ ಕೇಳ್ತಾನ."

ಶಾಹಿನ್ ಆ ಹುಡುಗಿಯ ಎದುರು ಕೂತು ಎಲ್ಲವನ್ನೂ ಆಕೆಯ ಮಾತಿನಲ್ಲೇ ಬರೆದುಕೊಂಡಳು. ನಾನು ಬಾಗಿಲ ಬಳಿ ನಿಂತಿದ್ದೆ. ಆಕೆ ಹೊರಗೆ ಬಂದವಳು ನನಗೆ ಏನೂ ಅನ್ನಲಿಲ್ಲ. ಅನ್ನಲಿ ಅಂತ ನಾನು ಕಾಯುತ್ತಿದ್ದೆ.

ನಿವೃತ್ತಿಯಾದ ಮೇಲೆ ಒಂದು ದಿನ ಮನೆಯಲ್ಲಿ ಚಷ್ಮಾ ಸಿಗಲಿಲ್ಲ. ಹೆಂಡತಿಯ ಮೇಲೆ ರೇಗಿದೆ. "ನೀನೇ ಎತ್ತಿಟ್ಟೀದಿ. ನಿನಗ ಯಾವಾಗ ನೆನಪಿದ್ದದ್ದು?" ಆಕೆ ಪಾತ್ರೆ ತಿಕ್ಕುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಮನೆಯೆಲ್ಲ ಹುಡುಕಿದಳು. ಚಷ್ಮಾ ನನ್ನ ಅಂಗಿಯ ಜೇಬಿನಲ್ಲಿತ್ತು. ಕೈಗೆ ಹತ್ತಿತು. ನಾನೇನು ಮಾಡಿದೆ? ಆಕೆ ಆ ಕಡೆ ತಿರುಗಿದಾಗ ತೆಗೆದು ಕಿಟಕಿಯ ಮೇಲಿಟ್ಟೆ. "ನೋಡು, ಇಲ್ಲೇ ಇಟ್ಟೀದಿ" ಅಂದೆ.

"ಹೌದ್ರಿ. ನಾನ ಇಟ್ಟಿರಬೇಕು" ಅಂದಳು.

ಆ ಮಾತು ಕೇಳಿ ನಾನು ಹಾಸಿಗೆಯ ಮೇಲೆ ಕೂತುಬಿಟ್ಟೆ. ಇದನ್ನು ನಾನು ಮೊದಲ ಸಲ ಮಾಡಿದ್ದೆನೋ, ಎಷ್ಟು ಸಲ ಮಾಡಿದ್ದೆನೋ ನನಗೇ ತಿಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ಹೇಳಿದೆ. "ಚಷ್ಮಾ ನನ್ನ ಕಿಸೇದಾಗ ಇತ್ತು. ನಾನ ಕಿಟಕಿ ಮ್ಯಾಲ ಇಟ್ಟೆ." ಆಕೆ ನನ್ನ ಮುಖ ನೋಡಿ, "ಬಿಡ್ರಿ, ಉಣ್ಣಾಕ ಏಳ್ರಿ" ಅಂದಳು. ನಂಬಿದಳೋ, ನಾನು ಸಮಾಧಾನ ಮಾಡಲು ಹೇಳಿದೆ ಅಂದುಕೊಂಡಳೋ.

ಸಂಗಣ್ಣ ತೀರಿಕೊಂಡ ಸುದ್ದಿಯನ್ನು ಯಡ್ರಾಮಿಯ ಮದುವೆಯೊಂದರಲ್ಲಿ ಕೇಳಿದ್ದೆ. ಜಗದೇವಿಯನ್ನು ಆಕೆಯ ತಮ್ಮ ಊರಿಗೆ ಕರೆದೊಯ್ದಿದ್ದ. ಚಷ್ಮಾದ ಘಟನೆಯಾದ ಮರುದಿನ ಆಳಂದದ ಬಸ್ಸು ಹತ್ತಿದೆ. ಆಕೆ ಅವತ್ತು ಕೇಳಿದ್ದ ಒಂದು ಮಾತನ್ನು ಹೇಳಿಬರಲು.

ತಮ್ಮ ಬಸವರಾಜ ಒಕ್ಕಲುತನದವನು, ಆತನ ಹೆಂಡತಿ ಸುವರ್ಣಾ. ಅಂಗಳದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಅದೇ ಜಗದೇವಿ. ಸುವರ್ಣಾ ಎಲ್ಲರಿಗೂ ಚಹಾ ತಂದು, ಸಕ್ಕರೆ ಹಾಕಲೇ ಎಂದು ಕೇಳಿದಳು. ಜಗದೇವಿ ಮುಖ ಎತ್ತಿ, "ನನಗ ಸಕ್ಕರಿ ಬೇಕೇನು ಸುವರ್ಣಾ?" ಅಂದಳು.

"ಹಿಂಗ ಕೇಳ್ತಾರ್ರಿ ನಮ್ಮ ಅಕ್ಕಾರು" ಎಂದು ಸುವರ್ಣಾ ನನಗೆ ಮೆಲ್ಲಗೆ ಹೇಳಿದಳು. "ತನಗ ಹಸಿವ್ಯಾಗ್ಯಾದೇನು ಅಂತ ನನ್ನ ಕೇಳ್ತಾರ. ಥಂಡಿ ಅದೇನು ಅಂತ ಕೇಳ್ತಾರ. ಗ್ಯಾಸ ಕಡೆ ಅಂತೂ ಹಾಯಂಗೇ ಇಲ್ಲ."

ನಾನು ಯಾರು ಅಂತ ಹೇಳಿದೆ. ಜಗದೇವಿಗೆ ಕೈ ಮುಗಿದು ಮೊದಲು ಹೇಳಬೇಕಾದ್ದನ್ನು ಹೇಳಿದೆ. "ಅವತ್ತ ನೀವು ಠಾಣೇಕ ಬಂದ ಕೇಳಿದ್ರಿ, ನನಗ ಹುಚ್ಚ ಹಿಡದದೇನು ಅಂತ. ನಿಮಗೇನೂ ಆಗಿರಲಿಲ್ಲವ್ವಾ. ನೀವು ಸರಿ ಇದ್ರಿ. ನಾ ಹೇಳಬೇಕಾಗಿತ್ತು, ಹೇಳಲಿಲ್ಲ."

ಆಕೆ ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಅಲ್ಲ. ಹುಬ್ಬು ಗಂಟಿಕ್ಕಿ ಕೇಳಿದಳು: "ನಾ ಠಾಣೇಕ ಬಂದಿದ್ದೆನಾ?"

ನನಗೆ ಅರ್ಥವಾಗಲಿಲ್ಲ.

"ಮೊದಲ ನಮ್ಮ ಮನ್ಯಾವ್ರು, ಗಾಳಿ ಸೋಕ್ಯಾದ ಅಂತ ಪೊಲೀಸ್ರೇ ಹೇಳ್ಯಾರ ಅಂತಿದ್ರು. ಆಮ್ಯಾಗ ಯಾವ ಪೊಲೀಸ್ರು, ಯಾವ ಠಾಣೆ, ನೀ ಮನಿ ಬಿಟ್ಟ ಯಾವಾಗ ಹೋಗೀದಿ ಅಂತ ಕೇಳಾಕತ್ತಿದ್ರು. ಉಡಿ ತುಂಬಿದ್ರಲ್ರಿ ಅಂದೆ. ಅದು ಬೀಗರ ಮದವ್ಯಾಗ ಅಂದ್ರು. ನಾ ಕನಸ ಕಂಡಿರಬೇಕು ಅಂತ ಬಿಟ್ಟೆ."

ಬಸವರಾಜ ತಲೆ ತಗ್ಗಿಸಿದ. "ನಮಗೂ ಸಂಗಣ್ಣ ಮಾಮಾ ಹಂಗೇ ಹೇಳಿದ್ರು. ಅಕ್ಕ ಇಲ್ಲದ್ದ ಹೇಳ್ತಾಳ, ಮನಸ್ಸಿಗಿ ಹಚಗೋಬ್ಯಾಡ್ರಿ ಅಂತ. ನಾವೂ ನಂಬಿದ್ವಿ."

"ಬಂದಿದ್ರಿ" ಎಂದೆ. "ಬಂದಿದ್ರಿ ಯವ್ವಾ. ನಾ ಅಲ್ಲೇ ಇದ್ದೆ. ಗಾಣಗಾಪುರದಾಗೂ ನಾ ಇದ್ದೆ, ನೀವು ಎದ್ದ ಬಂದು ನನ್ನ ಮಾತಾಡಿಸಿದ್ರಿ. ಅದೂ ಕನಸಲ್ಲ."

ಆಕೆ ಮೊರದ ತೊಗರಿಯನ್ನು ಒಂದು ಸಲ ಕೇರಿದಳು. ಆಮೇಲೆ, "ನನ್ನ ತಮ್ಮಗ ಹೇಳ್ರಿ. ಸುವರ್ಣಾಗ ಹೇಳ್ರಿ. ಮೊದಲಿಂದ ಹೇಳ್ರಿ" ಅಂದಳು.

ಅವರಿಬ್ಬರೂ ಎದುರಿಗೆ ಕೂತರು. ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಶುರು ಮಾಡಿದೆ. "ನಿಮ್ಮ ಅಕ್ಕ ಒಬ್ಬರೇ ಠಾಣೇಕ ಬಂದ್ರು. ನಾ ಅವರನ್ನ ಕುರ್ಚಿ ಮ್ಯಾಲ ಕುಂಡ್ರಿಸಿ, ಏನ್ ತಕರಾರು ಅಂತ ಕೇಳಿದೆ."

"ಕುಂಡ್ರಿಸಿರಲಿಲ್ರಿ" ಅಂದಳು ಜಗದೇವಿ.

"ಇಲ್ಲವ್ವಾ, ಕುಂಡ್ರಿಸಿದ್ದೆ. ನಿಮಗ ನೆನಪ..."

ಮಾತು ಬಾಯಿಂದ ಹೊರಟುಹೋಗಿತ್ತು. ಅರ್ಧಕ್ಕೇ ನುಂಗಿದರೂ ಆಕೆಗೆ ಕೇಳಿಸಿತ್ತು. ಮೊರ ಹಿಡಿದ ಕೈ ನಿಂತಿತು. ಎಷ್ಟೋ ವರ್ಷ ಗಂಡನ ಬಾಯಿಂದ ಕೇಳಿದ ಮಾತೇ ನನ್ನ ಬಾಯಿಂದಲೂ ಬಂದಿತ್ತು, ತಪ್ಪೊಪ್ಪಿಕೊಳ್ಳಲು ಬಂದ ಅಂಗಳದಲ್ಲೇ. ಆಕೆಯ ಕಣ್ಣು ತಾನಾಗಿ ಸುವರ್ಣಾಳ ಮುಖದ ಕಡೆ ಹೋಯಿತು, ತಾನು ಕೂತಿದ್ದೆನೋ ನಿಂತಿದ್ದೆನೋ ಎಂದು ಕೇಳಲು. ಸುವರ್ಣಾಗೆ ಹೇಗೆ ಗೊತ್ತಿರಬೇಕು?

ಜಗದೇವಿ ಮುಖ ಮರಳಿ ನನ್ನ ಕಡೆ ತಿರುಗಿಸಿದಳು.

"ನಿಂತಿದ್ದೆ" ಅಂದಳು. "ಗ್ವಾಡಿಗಿ ಹತ್ತಿ ನಿಂತಿದ್ದೆ. ಕುರ್ಚಿ ಒಂದೇ ಇತ್ತು. ಅದರ ಮ್ಯಾಲ ನಿಮ್ಮ ಟೊಪಿಗಿ ಇತ್ತು. ನೀವು ತಗೀಲಿಲ್ಲ."

ಆ ಕುರ್ಚಿ ಕಣ್ಣಿಗೆ ಕಟ್ಟಿತು. ದೂರು ಹೇಳಲು ಬಂದವರ ಕುರ್ಚಿ. ನನ್ನ ಟೋಪಿ ಇಡೀ ದಿನ ಅದರ ಮೇಲೆಯೇ ಇರುತ್ತಿತ್ತು.

ಬಸವರಾಜ ನನ್ನನ್ನು ನೋಡಿದ. "ಯಾವುದ ಖರೇರಿ?"

"ನಿಮ್ಮ ಅಕ್ಕ ಹೇಳಿದ್ದ ಖರೇ" ಅಂದೆ. "ನಾ ತಪ್ಪ ಹೇಳಿದೆ."